ಕಾರವಾರ ಕೊಲ್ಲಿಯ ನಕ್ಷೆಯನ್ನು ನಾವು ನೀರಿನ ಕಡೆಯಿಂದ ಬರೆದೆವು

ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರಿನ ನಕ್ಷೆ ಬರೆಯಿರಿ ಅಂದರೆ ಮಕ್ಕಳು ಮೊದಲು ಹೆದ್ದಾರಿ ಎಳೆಯುತ್ತಾರೆ. ಆಮೇಲೆ ಬಸ್ ಸ್ಟ್ಯಾಂಡು, ಡಿಸಿ ಆಫೀಸು, ಶಾಲೆ. ಕೊನೆಗೆ ಎಡಗಡೆ ಉಳಿದ ಜಾಗಕ್ಕೆ ನೀಲಿ ಬಣ್ಣ ಬಳಿದು ‘ಅರಬ್ಬಿ ಸಮುದ್ರ’ ಅಂತ ಬರೆದರೆ ಮುಗೀತು. ಆದರೆ ಇಲ್ಲಿ ಯಾವ ಕೇರಿ ಎಲ್ಲಿದೆ, ಅಲ್ಲೇ ಯಾಕಿದೆ ಅಂತ ಕೇಳಿದರೆ ಉತ್ತರ ಇರುವುದು ಆ ನೀಲಿ ಜಾಗದಲ್ಲೇ. ಹಾಗಾಗಿ ಒಂಬತ್ತನೇ ತರಗತಿಯ ಮಕ್ಕಳ ಜೊತೆ ಕೊಲ್ಲಿಯ ನಕ್ಷೆ ಮಾಡಲು ಕೂತಾಗ ಒಂದು ನಿಯಮ ಹಾಕಿಕೊಂಡೆವು: ರಸ್ತೆ ಕೊನೆಗೆ ಬರಬೇಕು.

ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ದೊಡ್ಡದು ಮಾಡಿಕೊಂಡು ಮೊದಲು ದಡದ ಗೆರೆ ಎಳೆದೆವು. ದಕ್ಷಿಣದಲ್ಲಿ ಸಮುದ್ರಕ್ಕೆ ಚಾಚಿದ ಗುಡ್ಡ, ಅದರ ಮಗ್ಗುಲಲ್ಲಿ ಬೈತಖೋಲ ಬಂದರು. ಅಲ್ಲಿಂದ ಉತ್ತರಕ್ಕೆ ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ಮರಳು ದಡ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಈಗ ದಡಕ್ಕೆ ರವೀಂದ್ರನಾಥರದೇ ಹೆಸರು. ದಡ ಮುಗಿಯುವಲ್ಲಿ ಕಾಳಿ ನದಿಯ ಬಾಯಿ: ಈಚೆ ಕೋಡಿಬಾಗ, ಆಚೆ ಸದಾಶಿವಗಡ. ಇನ್ನೂ ಮೇಲೆ ದೇವಬಾಗ, ಮಾಜಾಳಿ, ಆಮೇಲೆ ಗೋವಾ ಗಡಿ. ಎದುರು ಸಮುದ್ರದಲ್ಲಿ ಕೂರ್ಮಗಡ, ಲೈಟ್‌ಹೌಸ್ ಇರುವ ದೇವಗಡ.

ಗೆರೆ ಎಳೆದ ಮೇಲೆ ಬಾಣಗಳನ್ನು ಹಾಕಿದೆವು, ಮಳೆಗಾಲದ ಗಾಳಿ ಮತ್ತು ಅಲೆ ಬರುವ ದಿಕ್ಕಿಗೆ. ಆಗಲೇ ಅರ್ಧ ವಿಷಯ ಬಿಡಿಸಿಕೊಂಡಿತು. ಬಾಣಗಳು ದಕ್ಷಿಣದ ಗುಡ್ಡಕ್ಕೆ ಬಡಿದು ನಿಲ್ಲುತ್ತವೆ. ಗುಡ್ಡದ ಮರೆಗೆ ಇರುವ ಬೈತಖೋಲದಲ್ಲಿ ನೀರು ಜೋರಾದ ಮಳೆಗಾಲದಲ್ಲೂ ಸ್ವಲ್ಪ ಶಾಂತವಾಗಿರುತ್ತೆ. ಅದಕ್ಕೇ ಬಂದರು ಅಲ್ಲಿ, ಟ್ರಾಲರು, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಅಲ್ಲಿ, ಐಸ್ ಪ್ಲಾಂಟು ಅಲ್ಲಿ. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇದ್ದಾಗ ಅವೆಲ್ಲ ನಿಲ್ಲುವುದೂ ಆ ಮರೆಯಲ್ಲೇ. ಗುಡ್ಡ ಒಂದು ಇಲ್ಲದಿದ್ದರೆ ಕಾರವಾರ ಅನ್ನುವ ಊರು ಈಗಿನ ಹಾಗೆ ಬೆಳೆಯುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ದಡವೂ ಒಂದೇ ಕಡೆ ನಿಲ್ಲುವುದಿಲ್ಲ. ಗಾಳಿಮರದ ಬುಡಕ್ಕೆ ಹಗ್ಗ ಕಟ್ಟಿ, ಅಲೆ ಒದ್ದೆ ಮಾಡಿದ ಗೆರೆಯವರೆಗೆ ಅಳೆದೆವು. ಮಳೆಗಾಲದಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ. ಮಳೆಗಾಲದಲ್ಲಿ ಸಮುದ್ರ ಮರಳನ್ನು ಒಳಗೆ ಎಳೆದುಕೊಳ್ಳುತ್ತೆ, ದಡ ಕಡಿದಾಗುತ್ತೆ. ಗಾಳಿ ಇಳಿದ ಮೇಲೆ ಅದೇ ಮರಳನ್ನು ನಿಧಾನಕ್ಕೆ ವಾಪಸ್ ತಂದು ಹಾಕುತ್ತೆ. ಅದಕ್ಕೇ ನಮ್ಮ ನಕ್ಷೆಯಲ್ಲಿ ದಡಕ್ಕೆ ಎರಡು ಗೆರೆ ಇವೆ. ಅಳೆಯುವಾಗ ಉಬ್ಬರ-ಇಳಿತದ ಹೊತ್ತು ನೋಡಿಕೊಳ್ಳಬೇಕು. ಎರಡೂ ಸಲ ಇಳಿತದ ಹೊತ್ತಿಗೇ ಹೋದರೆ ಮಾತ್ರ ಹೋಲಿಸಲು ಬರುತ್ತೆ.

ನಕ್ಷೆ ಜೀವ ತುಂಬಿಕೊಂಡದ್ದು ರಂಪಣಿಯಿಂದ, ಅಂದರೆ ದಡದಲ್ಲಿ ನಿಂತು ಎಳೆಯುವ ಉದ್ದನೆಯ ಬಲೆಯಿಂದ. ಈಗಿನ ಮಕ್ಕಳಲ್ಲಿ ಎಷ್ಟೋ ಜನ ದೊಡ್ಡ ರಂಪಣಿ ಎಳೆಯುವುದನ್ನು ನೋಡಿಲ್ಲ. ಚಿಕ್ಕ ಏಂಡಿ ಬಲೆ ನೋಡಿರುತ್ತಾರೆ ಅಷ್ಟೇ. ಮಕ್ಕಳಲ್ಲೊಬ್ಬಳ ಅಜ್ಜ ರಂಪಣಿಯಲ್ಲೇ ಬೆಳೆದವರು. ಅವರನ್ನು ದಡಕ್ಕೆ ಕರೆದುಕೊಂಡು ಹೋದೆವು.

“ಅಕ್ಕೋರೇ, ಮೊದಲು ನೀರಿನ ಬಣ್ಣ ನೋಡ್ಬೇಕು. ಬಂಗಡೆ ಹಿಂಡು ಬಂದ್ರೆ ಅಷ್ಟು ಜಾಗ ಮಾತ್ರ ಕಪ್ಪಾಗ್ತದೆ,” ಅಂದರು ಅಜ್ಜ.

ಆಮೇಲೆ ಮರಳ ಮೇಲೆ ಕೋಲಿನಿಂದ ಗೆರೆ ಹಾಕಿ ತೋರಿಸಿದರು. ದೊಡ್ಡ ದೋಣಿ ದಡದಿಂದ ಹೊರಟು ಬಲೆ ಬಿಡುತ್ತಾ ಹಿಂಡನ್ನು ಅರ್ಧ ಸುತ್ತು ಹಾಕಿ ಬರುತ್ತೆ. ಎರಡೂ ತುದಿಯ ಹಗ್ಗ ದಡದಲ್ಲಿ. ಗಂಡಸರು, ಹೆಂಗಸರು, ದಾರಿಯಲ್ಲಿ ಹೋಗುವವರು ಎಲ್ಲ ಸೇರಿ ಎಳೆಯಬೇಕು. ಬಲೆ ಕಿಲೋಮೀಟರಿಗೂ ಉದ್ದ ಇರುತ್ತಿತ್ತು. ಅದು ಒಬ್ಬರ ಆಸ್ತಿ ಅಲ್ಲ. ಒಂದೊಂದು ಮನೆಯವರ ತುಂಡುಗಳನ್ನು ಸೇರಿಸಿ ಕಟ್ಟಿದ ಬಲೆ. ಮೀನು ಬಂದಾಗ ದೋಣಿಗೆ ಪಾಲು, ತುಂಡು ಬಲೆಗೆ ಪಾಲು, ಎಳೆದ ಕೈಗೂ ಪಾಲು. 1970ರ ದಶಕದ ಕೊನೆಯ ಭಾಗದಲ್ಲಿ ಪರ್ಸೀನ್ ಬೋಟುಗಳು ಹೆಚ್ಚಾದವು. ಬಂಗಡೆ, ತಾರ್ಲೆ ದಡದ ಹತ್ತಿರ ಬರುವ ಮೊದಲೇ ಆಳ ನೀರಿನಲ್ಲೇ ಸಿಕ್ಕಿಬೀಳತೊಡಗಿದವು. ರಂಪಣಿಗಳು ಒಂದೊಂದಾಗಿ ಬಿಚ್ಚಿಹೋದವು.

“ರಂಪಣಿ ಎಲ್ಲ ಕಡೆ ಆಗ್ತಿರಲಿಲ್ವಾ ಅಜ್ಜ?” ಅಂತ ಒಬ್ಬ ಹುಡುಗ ಕೇಳಿದ.

“ಎಲ್ಲಿ ಆಗ್ತದೆ ತಮಾ! ಅಡಿಯಲ್ಲಿ ಒಂದು ಕಲ್ಲು ಇದ್ರೂ ಬಲೆ ಹರೀತದೆ. ಉದ್ದಕ್ಕೆ ಸಾಫ್ ಮರಳು ಬೇಕು.”

ಅಜ್ಜ ಹೇಳುತ್ತಾ ಹೋದ ಹಾಗೆ ರಂಪಣಿ ಎಳೆಯುತ್ತಿದ್ದ ಜಾಗಗಳನ್ನು ಹಳದಿಯಲ್ಲಿ ಗುರುತಿಸಿದೆವು. ಹಳದಿ ಇದ್ದಲ್ಲಿ ಸಮುದ್ರದ ತಳ ಮರಳು, ಬಿಟ್ಟುಹೋದ ಕಡೆ ಕಲ್ಲು. ಮೀನುಗಾರರ ಕೇರಿಗಳೂ ಹೆಚ್ಚುಕಡಿಮೆ ಹಳದಿಯ ಬೆನ್ನಿಗೇ ಇದ್ದವು. ನೀರಿನೊಳಗೆ ಇಳಿಯದೆ ತಳದ ನಕ್ಷೆ ಸಿಕ್ಕಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಅಲೆತಡೆಗೋಡೆ ಕಟ್ಟಲು ಹೊರಟಾಗ ಇಲ್ಲಿನ ಮೀನುಗಾರರು ಯಾಕೆ ಅಷ್ಟು ದೊಡ್ಡ ಹೋರಾಟ ಮಾಡಿದರು ಅನ್ನುವುದನ್ನು ಈ ಹಳದಿ ಪಟ್ಟಿ ತೋರಿಸಿ ವಿವರಿಸಿದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತೆ. ದಡ ಅಂದರೆ ಅವರಿಗೆ ದೋಣಿ ಎಳೆದಿಡುವ ಜಾಗ, ಬಲೆ ಹೆಣೆಯುವ ಜಾಗ, ಮೀನು ಒಣಗಿಸುವ ಜಾಗ.

ಕಲ್ಲುಗಳನ್ನು ಗುರುತಿಸುವ ವಿದ್ಯೆಯನ್ನೂ ಅಜ್ಜನೇ ಕಲಿಸಿದರು. ನೀರಿನಡಿಯ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಆದರೆ ದೋಣಿಯಲ್ಲಿ ಕೂತು ನೋಡಿದರೆ ಒಂದು ಕಡೆ ದ್ವೀಪದ ತುದಿ ಮತ್ತು ಲೈಟ್‌ಹೌಸ್ ಒಂದೇ ಸಾಲಿಗೆ ಬರಬೇಕು, ಇನ್ನೊಂದು ಕಡೆ ದಡದ ಒಂದು ಗುರುತು ಮತ್ತು ಹಿಂದಿನ ಗುಡ್ಡದ ತಲೆ ಒಂದೇ ಸಾಲಿಗೆ ಬರಬೇಕು. ಎರಡು ಸಾಲು ಕೂಡುವಲ್ಲಿ ಕಲ್ಲು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು ನೋಡಿದೆವು. ಅಕ್ಷಾಂಶ, ರೇಖಾಂಶದ ಪಾಠವನ್ನು ನಾನು ಈಗ ಇದೇ ಉದಾಹರಣೆಯಿಂದ ಶುರು ಮಾಡುತ್ತೇನೆ. ಬೋಟುಗಳಲ್ಲಿ ಈಗ ಜಿಪಿಎಸ್ ಇದೆ, ನಿಜ. ಆದರೆ ಚಿಕ್ಕ ಪಾತಿ ದೋಣಿಯಲ್ಲಿ ಹೋಗುವ ಹಿರಿಯರ ತಲೆಯಲ್ಲಿ ಇನ್ನೂ ಈ ಸಾಲುಗಳೇ ಇವೆ. ಅವು ಅವರ ಜೊತೆಗೇ ಹೋಗಿಬಿಟ್ಟರೆ ಮತ್ತೆ ಯಾರಿಂದ ಕಲಿಯುವುದು?

ನದಿಯ ಬಾಯಿ ಬೇರೆಯೇ ಲೋಕ. ಕಾಳಿ 184 ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುತ್ತೆ. ಸಿಹಿನೀರು ಮತ್ತು ಉಪ್ಪುನೀರು ಕೂಡುವಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕೆಸರು, ಚಿಪ್ಪಿಮೀನು, ಏಡಿ. ಇಲ್ಲಿ ದೊಡ್ಡ ಬೋಟು ಬೇಡ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಕೈಯಿಂದಲೇ ಚಿಪ್ಪಿ ಆರಿಸುತ್ತಾರೆ. ಸ್ವಲ್ಪ ಒಳಗೆ ಕಡವಾಡ ಇದೆ. 1638ರಲ್ಲಿ ಇಂಗ್ಲಿಷರು ಮೆಣಸು ಮತ್ತು ಬಟ್ಟೆಯ ವ್ಯಾಪಾರಕ್ಕೆ ಕೋಠಿ ಹಾಕಿದ್ದು ಅಲ್ಲಿ. ಆಗ ನದಿಯೇ ರಸ್ತೆ. ಮೇಲಿನ ಸೂಪಾ, ಕದ್ರಾ ಅಣೆಕಟ್ಟುಗಳನ್ನೂ ನಕ್ಷೆಯ ಅಂಚಿನಲ್ಲಿ ಬರೆದೆವು. ಅವು ಕೊಲ್ಲಿಯಿಂದ ದೂರ ಇದ್ದರೂ, ಮಳೆಗಾಲದಲ್ಲಿ ಕದ್ರಾದ ಗೇಟು ತೆಗೆದರೆ ನದಿ ದಂಡೆಯ ಮನೆಗಳಿಗೆ ಏನಾಗುತ್ತೆ ಅನ್ನುವುದು 2019ರ ಆಗಸ್ಟಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ಜನರನ್ನು ನಕ್ಷೆಯಲ್ಲಿ ಹೇಗೆ ತೋರಿಸುವುದು ಅನ್ನುವುದಕ್ಕೆ ತುಂಬಾ ಯೋಚನೆ ಮಾಡಿದೆ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ, ದಾಲ್ದಿ ಮುಸ್ಲಿಮರು, ಕ್ರಿಶ್ಚಿಯನ್ನರು, ಕೋಮಾರಪಂತರು, ಭಂಡಾರಿಗಳು, ಹಾಲಕ್ಕಿಗಳು, ಇನ್ನೂ ಎಷ್ಟೋ ಜನ. ಜಾತಿಗೊಂದು ಬಣ್ಣ ಹಾಕುವುದು ಸುಲಭ. ನಾನು ಬೇಡ ಅಂದೆ. ಹಾಗೆ ಮಾಡಿದರೆ ಮಕ್ಕಳು ನಕ್ಷೆಯಲ್ಲಿ ತಮ್ಮ ಬಣ್ಣ ಹುಡುಕುತ್ತಾರೆ, ಪಕ್ಕದವರ ಬಣ್ಣ ಎಣಿಸುತ್ತಾರೆ. ಅದರ ಬದಲು ಕೆಲಸಕ್ಕೊಂದು ಚಿಹ್ನೆ ಇಟ್ಟೆವು: ಬೋಟು, ಬಲೆ, ಚಿಪ್ಪಿ, ಒಣಮೀನು, ಗದ್ದೆ, ತೆಂಗು. ಹೆಸರು ಬೇಕಾದಲ್ಲಿ ಜನರೇ ಕರೆಯುವ ಕೇರಿಯ ಹೆಸರು ಹಾಕಿದೆವು, ಮಾಜಾಳಿಯ ಗಾಬಿತವಾಡಾದ ಹಾಗೆ. ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳು ಕೊಂಕಣಿ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದರು.

ಮೀನು ಮಾರುವ ಹೆಂಗಸರನ್ನು ಕೇಳದೆ ಈ ಕೆಲಸ ಪೂರ್ತಿ ಆಗುವುದಿಲ್ಲ. ದೋಣಿ ದಡ ಮುಟ್ಟಿದ ಮೇಲೆ ಮೀನು ಎಲ್ಲಿಗೆ ಹೋಗುತ್ತೆ ಅನ್ನುವುದು ಅವರಿಗೇ ಗೊತ್ತು. ಯಾವ ಬಸ್ಸಿಗೆ ಬುಟ್ಟಿ ಹತ್ತುತ್ತೆ, ಯಾವ ಹಳ್ಳಿಗೆ ಯಾವ ವಾರ, ಭಾನುವಾರದ ಸಂತೆಯಲ್ಲಿ ಒಣಮೀನಿನ ಸಾಲು ಎಲ್ಲಿ ಕೂರುತ್ತೆ. ಬೆಳಿಗ್ಗೆ ವ್ಯಾಪಾರದ ಹೊತ್ತಿಗೆ ಹೋಗಿ ತೊಂದರೆ ಕೊಡಬಾರದು. ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಕೂತರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಕ್ಷೆಯಲ್ಲಿ ರಸ್ತೆ ಬಂದದ್ದು ಆಗ, ಅವರ ಬುಟ್ಟಿಗಳ ದಾರಿಯಾಗಿ.

ಗುಡ್ಡದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ಗೆರೆ ಮಾತ್ರ ಎಳೆದು ಬಿಟ್ಟಿದ್ದೇವೆ. ಅದು ನೌಕಾನೆಲೆ. ಒಳಗಿನದನ್ನು ಬರೆಯುವುದು ಸರಿಯಲ್ಲ, ಬರೆಯಬೇಕಾಗಿಯೂ ಇಲ್ಲ. 1986ರಲ್ಲಿ ಶಂಕುಸ್ಥಾಪನೆ ಆಗಿ, 2005ರಲ್ಲಿ ಐಎನ್ಎಸ್ ಕದಂಬ ಶುರುವಾಯಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಹೋದವು. ಆದರೆ ಅವರು ಹೋದ ಕಡೆಗೆ ಬಾಣ ಹಾಕಿದ್ದೇವೆ. ದೇಶಕ್ಕೆ ನೌಕಾನೆಲೆ ಬೇಕು, ಹೌದು. ಬಿಟ್ಟುಕೊಟ್ಟವರ ಗುರುತೂ ನಕ್ಷೆಯಲ್ಲಿ ಇರಬೇಕು ಅಲ್ವಾ?

2024ರ ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗ–ಸದಾಶಿವಗಡದ ಹಳೆಯ ಕಾಳಿ ಸೇತುವೆ ಕುಸಿದುಬಿತ್ತು. ಅದನ್ನು ಈಗ ಚುಕ್ಕಿ ಗೆರೆ ಮಾಡಿದ್ದೇವೆ. ಆಚೆ ದಡದಿಂದ ಬರುವ ಮಕ್ಕಳೇ ಅದನ್ನು ತಿದ್ದಿದರು. ನಿಮ್ಮ ಊರಲ್ಲೂ ಕೊಲ್ಲಿಯೋ ಅಳಿವೆಯೋ ಇದ್ದರೆ ಇಂಥ ನಕ್ಷೆಯನ್ನು ಪೆನ್ಸಿಲಿನಲ್ಲೇ ಬರೆಯಿಸಿ, ಶಾಯಿ ಬೇಡ. ಪ್ರತಿ ವರ್ಷ ಹೊಸ ತರಗತಿಗೆ ಅದನ್ನೇ ಕೊಟ್ಟು ದಡಕ್ಕೆ ಕಳಿಸಿ. ನಮ್ಮಲ್ಲಿ ಈ ವರ್ಷದ ಮಕ್ಕಳು ಕೂರ್ಮಗಡದ ಸುತ್ತಲಿನ ಕಲ್ಲುಗಳನ್ನು ಹಿರಿಯರಿಂದ ಕೇಳಿ ಗುರುತಿಸುತ್ತಿದ್ದಾರೆ.