ಜೋಳದ ಕಾಡಿಗೆ ರೋಗವನ್ನು ಬೀಜದಲ್ಲೇ ತಡೆದ ನನ್ನ ಅನುಭವ

ವಿಜಯಪುರ ಜಿಲ್ಲೆಯ ಡೋಣಿ ದಂಡೆಯ ಎರೆಭೂಮಿಯಲ್ಲಿ ನಾವು ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುತ್ತೇವೆ. ಬೀಜವನ್ನು ಮನೆಯ ರಾಶಿಯಿಂದಲೇ ಎತ್ತಿಡುತ್ತೇವೆ. ಹೀಗೆ ಮನೆಬೀಜ ಬಳಸುವವರು ಕಾಡಿಗೆ ರೋಗದ ಶಿಲೀಂಧ್ರ ತನ್ನ ವಂಶವನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಅರಿಯಲೇಬೇಕು ಎಂದು ನಾನು ನಂಬಿದ್ದೇನೆ.

ರೋಗ ತಗುಲಿದ ತೆನೆಯಲ್ಲಿ ಕಾಳು ಇರಬೇಕಾದ ಜಾಗದಲ್ಲಿ ಬೂದುಬಣ್ಣದ ಪೊರೆಯುಳ್ಳ ಉದ್ದನೆಯ ಗಂಟುಗಳಿರುತ್ತವೆ. ಒಳಗಿನ ಕಪ್ಪು ಪುಡಿಯ ಪ್ರತಿ ಕಣವೂ ಸ್ಪೊರಿಸೋರಿಯಂ ಸೊರ್ಘಿ ಎಂಬ ಶಿಲೀಂಧ್ರದ ಬೀಜಾಣು. ರಾಶಿ ಮಾಡುವಾಗ ಗಂಟುಗಳು ಒಡೆದು, ಆ ಪುಡಿ ಒಳ್ಳೆಯ ಕಾಳಿನ ಮೈಗೆ ಅಂಟಿಕೊಂಡು, ಮುಂದಿನ ಬಿತ್ತನೆಯವರೆಗೂ ಜೀವ ಹಿಡಿದಿರುತ್ತದೆ.

ಪರಿಚಯದ ಅಧ್ಯಾಪಕರೊಬ್ಬರ ನೆರವಿನಿಂದ ಈ ಪುಡಿಯನ್ನು ನೀರಿನ ಹನಿಯಲ್ಲಿ ನೆನೆಯಿಟ್ಟು, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದುಂಡನೆಯ ಕಂದು ಬೀಜಾಣುಗಳಿಂದ ನಾಲ್ಕು ಕೋಶಗಳ ಕಿರುನಳಿಗೆಗಳು ಹೊರಟಿದ್ದವು. ಅವುಗಳ ಪಕ್ಕದಲ್ಲಿ ಇನ್ನೂ ಸಣ್ಣ ಬೀಜಾಣುಗಳು ಮೂಡಿದ್ದವು. ಇವು ಒಂಟಿಯಾಗಿ ಗಿಡಕ್ಕೆ ರೋಗ ತರಲಾರವು. ಪರಸ್ಪರ ಹೊಂದುವ ಬೇರೆ ಬೇರೆ ಪಂಗಡದ ಎರಡು ಕೂಡಿದಾಗ ಮಾತ್ರ ಸೋಂಕಿನ ಎಳೆ ಹುಟ್ಟುತ್ತದೆ. ಆ ಎಳೆಯ ಕೋಶಗಳಲ್ಲಿ ಎರಡರ ಕೋಶಕೇಂದ್ರಗಳೂ ಬೆರೆಯದೆ ಜೊತೆಯಾಗಿಯೇ ಉಳಿದು, ತೆನೆಯಲ್ಲಿ ಹೊಸ ಬೀಜಾಣು ಕಟ್ಟುವಾಗಲಷ್ಟೇ ಒಂದಾಗುತ್ತವೆ. ನನಗೆ ಅತ್ಯಂತ ಉಪಯುಕ್ತವೆನಿಸಿದ ಸಂಗತಿ ಬೇರೆಯೇ ಇದೆ: ಎಳೆ ಗಿಡದೊಳಗೆ ಹೊಗುವುದು ಮೊಳಕೆ ಮಣ್ಣಿನಿಂದ ಮೇಲೆ ಬರುವ ಮುನ್ನ. ಆಮೇಲೆ ಅದು ಸುಳಿಯ ಜೊತೆ ಸದ್ದಿಲ್ಲದೆ ಬೆಳೆಯುವುದರಿಂದ, ತೆನೆ ಬಂದಾಗ ಔಷಧ ಸಿಂಪಡಿಸಿದರೆ ಹಣ ವ್ಯರ್ಥ.

ಆದ್ದರಿಂದ ಬೀಜದ ತೆನೆಗಳನ್ನು ನಾನು ಹೊಲದಲ್ಲೇ ಆರಿಸಿ, ಬೇರೆ ಕಣದಲ್ಲಿ ಬಡಿಯುತ್ತೇನೆ. ಬಿತ್ತುವ ಮುನ್ನ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ನುಣುಪಾದ ಗಂಧಕದ ಪುಡಿ ಸೇರಿಸಿ, ಮುಚ್ಚಿದ ಡಬ್ಬಿಯಲ್ಲಿ ಎಲ್ಲ ಕಾಳಿಗೂ ಹತ್ತುವಂತೆ ಉರುಳಿಸಿ, ಆಮೇಲೆ ಕೂರಿಗೆಗೆ ಹಾಕುತ್ತೇನೆ. ಉಳಿದ ಬೀಜವನ್ನು ಊಟಕ್ಕಾಗಲಿ ದನಗಳಿಗಾಗಲಿ ಕೊಡುವುದಿಲ್ಲ. ಈ ಕ್ರಮ ಹಿಡಿದ ಮೇಲೆ ನಮ್ಮ ಹೊಲದಲ್ಲಿ ಕಾಳಿನ ಕಾಡಿಗೆ ಕಾಣುವುದೇ ಅಪರೂಪವಾಗಿದೆ.

ಇಡೀ ತೆನೆಯೇ ಕರಿಗಂಟಾಗುವ ತೆನೆ ಕಾಡಿಗೆಯ ಮಾತು ಬೇರೆ. ಅದರ ಬೀಜಾಣುಗಳು ಮಣ್ಣಿನಲ್ಲೇ ಉಳಿಯುವುದರಿಂದ ಬೀಜಕ್ಕೆ ಹಚ್ಚಿದ ಗಂಧಕ ಅದನ್ನು ತಡೆಯದು. ಅಂಥ ತೆನೆಗೆ ಪೊರೆ ಬಿರಿಯುವ ಮುನ್ನವೇ ಬಟ್ಟೆಯ ಚೀಲ ತೊಡಿಸಿ, ಕತ್ತರಿಸಿ ಸುಟ್ಟು, ಮುಂದಿನ ವರ್ಷ ಆ ಪಟ್ಟಿಯಲ್ಲಿ ಜೋಳದ ಬದಲು ಕಡಲೆ ಬಿತ್ತುತ್ತೇನೆ.