ಸಾರಾಂಶ ಬೇರೆ, ಆಶಯ ಬೇರೆ: ಬರಹದ ದನಿ ಹಿಡಿಯುವುದು ಹೇಗೆ?

ಪರೀಕ್ಷೆಯಲ್ಲಿ ‘ಆಶಯವನ್ನು ವಿವರಿಸಿ’ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ಸಾರಾಂಶ ಬರೆದು ಎದ್ದು ಬರುತ್ತೇವೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು.

ವಿಷಯ ಅನ್ನುವುದು ಒಂದು ಪದದಲ್ಲಿ ಮುಗಿಯುತ್ತದೆ. ಭಕ್ತಿ, ಬಡತನ, ಸ್ವಾತಂತ್ರ್ಯ, ಅಷ್ಟೇ. ಆಶಯಕ್ಕೆ ಪೂರ್ತಿ ವಾಕ್ಯ ಬೇಕು, ಅದೂ ಯಾರಾದರೂ ‘ನಾನು ಒಪ್ಪಲ್ಲ’ ಅಂತ ಜಗಳಕ್ಕೆ ಬರಬಹುದಾದ ವಾಕ್ಯ.

ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು, ಒಂದಕ್ಕೊಂದು ಎದುರು ನಿಂತ ಪದಗಳಿಗೆ ಗೆರೆ ಎಳೆಯಿರಿ. ಉಳ್ಳವರು–ಬಡವ, ಸ್ಥಾವರ (ನಿಂತಲ್ಲೇ ನಿಂತದ್ದು)–ಜಂಗಮ (ನಡೆದಾಡುವುದು), ಅಳಿವುಂಟು–ಅಳಿವಿಲ್ಲ. ‘ದುಡ್ಡು ಸುರಿದು ಕಟ್ಟಿದ ಗುಡಿ ಬೀಳುತ್ತದೆ, ನಡೆದಾಡುವ ಜೀವಕ್ಕೆ ಅಳಿವಿಲ್ಲ’ ಅನ್ನುವ ಆಶಯ ಆ ಜೋಡಿಗಳಲ್ಲೇ ಕೂತಿದೆ.

ದನಿ, ಅಂದರೆ ಬರೆದವರ ಮಾತಿನ ಧಾಟಿ, ಹಿಡಿಯುವುದು ಸ್ವಲ್ಪ ಕಷ್ಟ. ‘ನಾನೇನ ಮಾಡುವೆ ಬಡವನಯ್ಯಾ’ ಅನ್ನುವಲ್ಲಿ ನಿಲ್ಲಿಸಿದರೆ ಇದು ಬರೀ ಅಳಲು ಅನ್ನಿಸುತ್ತದೆ, ಅಲ್ವಾ? ಮುಂದೆ ಓದಿ, ಜೋರಾಗಿಯೇ ಓದಿ. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.’ ಈಗ ಆ ಮೂರೂ ‘ಏ’ಕಾರ ತೆಗೆದು ‘ಕಾಲು ಕಂಬ, ದೇಹ ದೇಗುಲ’ ಅಂತ ಓದಿ ನೋಡಿ, ಸಾಮಾನಿನ ಚೀಟಿ ಓದಿದ ಹಾಗೆ ಆಗುತ್ತದೆ. ಕಸುವೆಲ್ಲ ಆ ‘ಏ’ಯಲ್ಲೇ ಇತ್ತು. ಕೊನೆಗೆ ‘ಕೇಳಯ್ಯಾ’ ಅಂತ ದೇವರನ್ನೇ ಕೂರಿಸಿಕೊಂಡು ಹೇಳುತ್ತಾರೆ. ವಾಪಸ್ ಹೋಗಿ ನೋಡಿದರೆ ‘ಬಡವನಯ್ಯಾ’ದಲ್ಲೂ ಉಳ್ಳವರಿಗೆ ಸಣ್ಣಗೆ ಚುಚ್ಚಿದ್ದು ಕಾಣುತ್ತದೆ. ‘ದೈನ್ಯ’ ಅಂತ ಮಾತ್ರ ಬರೆದರೆ ನನ್ನ ಪ್ರಕಾರ ಅರ್ಧ ಉತ್ತರ.

ಭಾಷಣವಾದರೆ ಮೊದಲು ಕೇಳಬೇಕಾದ್ದು, ಯಾವ ದಿನ, ಎದುರಿಗೆ ಯಾರು? ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡಿದರು. ಮರುದಿನವೇ ಸಂವಿಧಾನದ ಅಂಗೀಕಾರ, ಅಂದರೆ ಹಬ್ಬದ ಮಾತು ಆಡಬಹುದಾದ ಹೊತ್ತು. ಜೊತೆಗೆ ದುಡಿದವರಿಗೆ ಅವರು ಶ್ರೇಯ ಕೊಟ್ಟರು, ನಿಜ. ಆಮೇಲೆ ದನಿ ಬದಲಾಗುತ್ತದೆ. 1950ರ ಜನವರಿ 26ರಂದು ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಅನ್ನುತ್ತಾರೆ, ಮತ್ತೆ ಮತ್ತೆ ‘ಎಲ್ಲಿಯವರೆಗೆ’ ಅಂತ ಕೇಳುತ್ತಾರೆ. ಸಂಭ್ರಮದ ಹೊಸ್ತಿಲಲ್ಲಿ ಎಚ್ಚರಿಕೆ, ಅದೇ ಇಲ್ಲಿನ ದನಿ. (ಮೂಲ ಇಂಗ್ಲಿಷ್, ಹಾಗಾಗಿ ಅನುವಾದದ ಒಂದೊಂದು ಪದಕ್ಕೆ ಜೋತು ಬೀಳಬೇಡಿ. ಮರುಕಳಿಸುವ ಪ್ರಶ್ನೆಯನ್ನು, ಮಾತು ಹೊರಳುವ ಜಾಗವನ್ನು ನೋಡಿ.)

ಲಲಿತ ಪ್ರಬಂಧ ಸುಲಭ. ಲೇಖಕರು ಯಾರನ್ನು ನೋಡಿ ನಗುತ್ತಿದ್ದಾರೆ ಅಂತ ನೋಡಿ. ತಮ್ಮನ್ನೇ ನೋಡಿಯಾದರೆ ಸಾಮಾನ್ಯವಾಗಿ ತಿಳಿಹಾಸ್ಯ, ಬೇರೆಯವರನ್ನಾದರೆ ವ್ಯಂಗ್ಯದ ವಾಸನೆ ಇದ್ದೀತು.

ಮತ್ತೆ, ಉತ್ತರದಲ್ಲಿ ಸುಮ್ನೆ ‘ದನಿ ಗಂಭೀರವಾಗಿದೆ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಪದ ನೋಡಿ ಹಾಗನ್ನಿಸಿತೋ ಆ ಪದವನ್ನೂ ಬರೆಯಿರಿ. ಬ್ಯಾಂಕಿನ ನೋಟಿಸೂ ಗಂಭೀರವಾಗಿಯೇ ಇರುತ್ತದೆ.