ಬ್ಲೂಸ್‌ಗೆ ಗಿಟಾರ್ ತಂತಿ ಬೆಂಡ್ ಮಾಡುವುದು ಹೇಗೆ

ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲೋ ಬೇರೆಲ್ಲೋ ಸಿತಾರ್ ಕೇಳಿದ್ದರೆ ನಿಮಗೆ ಮೀಂಡ್ ಗೊತ್ತು. ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಬೆಂಡ್ ಕೂಡ ಅದೇ ಕೆಲಸ. ತಂತಿ ಬಿಗಿಯಾದಂತೆ ಸ್ವರ ಏರುತ್ತದೆ, ಅಷ್ಟೇ. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಕಿವಿಗೆ ಗೊತ್ತಿಲ್ಲದಿದ್ದರೆ ಬೆರಳಿಗೆ ಎಷ್ಟು ಬಲ ಬಂದರೂ ಅದು ಅಪಸ್ವರವೇ.

ಮೊದಲು ತಂತಿ ನೋಡಿಕೊಳ್ಳಿ. ಅಕೌಸ್ಟಿಕ್‌ಗೆ ಸಾಮಾನ್ಯವಾಗಿ ಹಾಕುವ 12ರ ಸೆಟ್‌ನಲ್ಲಿ (ಅತಿ ತೆಳು ತಂತಿಯ ದಪ್ಪ 0.012 ಇಂಚು) ತೆಳು ತಂತಿಯಿಂದ ಎಣಿಸಿದರೆ ಮೂರನೇ ತಂತಿ ಮೇಲೆ ಇನ್ನೊಂದು ತಂತಿ ಸುತ್ತಿದ ದಪ್ಪ ತಂತಿ, ಅದನ್ನು ಎಳೆಯುವುದು ಸುಮ್ನೆ ಬೆರಳಿಗೆ ಶಿಕ್ಷೆ. ಎಲೆಕ್ಟ್ರಿಕ್ ಇದ್ದರೆ 9 ಅಥವಾ 10ರ ಸೆಟ್ ಹಾಕಿ.

ಈಗ ಮೂರನೇ ತಂತಿ, 7ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಪಟ್ಟಿಗಳೇ ಫ್ರೆಟ್). ಅಲ್ಲಿರುವ ಸ್ವರ ಪಾಶ್ಚಾತ್ಯ ಹೆಸರಲ್ಲಿ ಡಿ (D). ಎ (A) ಸ್ವರವನ್ನು ಸಾ ಅಂತ ಹಿಡಿದರೆ ಇದು ಮ, ನಾವು ಮುಟ್ಟಬೇಕಾದದ್ದು ಪ. ಆ ಪ ಅದೇ ತಂತಿಯ 9ನೇ ಫ್ರೆಟ್‌ನಲ್ಲಿದೆ. ಮೊದಲು ಅದನ್ನು ನುಡಿಸಿ, ಬಾಯಲ್ಲಿ ಹಾಡಿ. ಹಾಡಲು ಬಾರದ ಸ್ವರಕ್ಕೆ ಬೆಂಡ್ ಮಾಡುವುದು ಕತ್ತಲಲ್ಲಿ ತಡಕಾಡಿದಂತೆ, ಅಲ್ವಾ?

ಉಂಗುರ ಬೆರಳು 7ನೇ ಫ್ರೆಟ್ ಮೇಲಿರಲಿ. ಅದೇ ತಂತಿಯ ಮೇಲೆ ಅದರ ಹಿಂದೆ ನಡುಬೆರಳು, ತೋರುಬೆರಳು ಎರಡೂ ಕೂತು ಆಸರೆ ಕೊಡಲಿ. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಂಚಿಗೆ ಸಿಕ್ಕಿಸಿ. ಬೆರಳನ್ನಷ್ಟೇ ತಳ್ಳಬೇಡಿ, ಮಣಿಕಟ್ಟನ್ನು ತಿರುಗಿಸಿ, ತಂತಿಯನ್ನು ನಿಮ್ಮ ಮುಖದ ಕಡೆಗೆ ಒಯ್ಯಿರಿ. ಪೂರ್ತಿ ಏರುವವರೆಗೂ ಒತ್ತು ಸಡಿಲವಾಗಬಾರದು, ಸಡಿಲವಾದರೆ ಸ್ವರ ಅರ್ಧಕ್ಕೇ ಸಾಯುತ್ತದೆ. ಪಕ್ಕದ ದಪ್ಪ ತಂತಿಗಳು ಗುಂಯ್ ಅನ್ನದಂತೆ ಬಲಗೈ ಅಂಗೈಯನ್ನು ಅವುಗಳ ಮೇಲೆ ಹಗುರವಾಗಿ ಇಡಿ.

ಸರಿಯಾಯಿತೋ ಇಲ್ಲವೋ ಅಂತ ಪರೀಕ್ಷೆ ಮಾಡಲು ತೋರುಬೆರಳನ್ನು ಆಸರೆಯಿಂದ ತೆಗೆದು ಎರಡನೇ ತಂತಿಯ 5ನೇ ಫ್ರೆಟ್‌ಗೆ ಇಡಿ. ಅಲ್ಲೂ ಅದೇ ಪ ಇದೆ. ಎರಡೂ ತಂತಿ ಒಟ್ಟಿಗೆ ಮೀಟಿ ಬೆಂಡ್ ಮಾಡುತ್ತಾ ಹೋಗಿ. ಸ್ವರ ಹತ್ತಿರ ಬಂದಂತೆ ಅಲೆ ಅಲೆಯಾಗಿ ನಡುಗುವ ಸದ್ದು ಕೇಳುತ್ತದೆ, ಆ ನಡುಕ ನಿಧಾನವಾಗಿ ಪೂರ್ತಿ ನಿಂತಲ್ಲಿ ನೀವೂ ನಿಲ್ಲಬೇಕು. ಟ್ಯೂನರ್‌ಗಿಂತ ನನಗೆ ಈ ದಾರಿಯೇ ಇಷ್ಟ, ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ಸೋಮಾರಿಯಾಗುತ್ತದೆ.

ನಿಜವಾದ ಬ್ಲೂಸ್ ರುಚಿ ಇರುವುದು ಚಿಕ್ಕ ಬೆಂಡ್‌ನಲ್ಲಿ. ಮೂರನೇ ತಂತಿಯ 5ನೇ ಫ್ರೆಟ್ ಕೋಮಲ ಗ. ಅದನ್ನು ತೋರುಬೆರಳಿನಿಂದ ಚೂರೇ ಚೂರು ನೆಲದ ಕಡೆಗೆ ಎಳೆಯಿರಿ. ಶುದ್ಧ ಗ ಮುಟ್ಟಬಾರದು, ಎರಡರ ನಡುವೆ ಎಲ್ಲೋ ತೂಗಬೇಕು. ನಮ್ಮ ಬಯಲಾಟದ ಹಾರ್ಮೋನಿಯಂನಲ್ಲಿ ಈ ಸ್ವರಕ್ಕೆ ಮನೆಯೇ ಇಲ್ಲ!

ಮೇಲಕ್ಕೋ ಕೆಳಕ್ಕೋ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಎಡಗೈಯವರು, ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದಿದ್ದರಿಂದ ಸಣ್ಣ ತಂತಿಗಳು ಮೇಲೆ ಬಂದವು, ಅವರು ಅವನ್ನು ಕೆಳಕ್ಕೇ ಎಳೆಯುತ್ತಿದ್ದರು. ಒಂದೇ ನಿಯಮ: ತೀರಾ ಅಂಚಿನ ತಂತಿಯನ್ನು ಹೊರಗೆ ಎಳೆದರೆ ಅದು ಫ್ರೆಟ್‌ಬೋರ್ಡ್‌ನಿಂದ ಜಾರಿಬಿಡುತ್ತದೆ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಂತಿ ಕಾದು ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕೂರುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಶ್ರುತಿ ನೋಡಿ. ಬೆವರು ಒರೆಸದಿದ್ದರೆ ತಂತಿ ತುಕ್ಕು ಹಿಡಿದು ಬೆರಳಿಗೆ ತರಚುತ್ತದೆ. ಪ್ರತಿ ಬೆಂಡ್ ಆದಮೇಲೂ ಶ್ರುತಿ ತಪ್ಪುತ್ತಿದ್ದರೆ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ತಂತಿ ಸಡಿಲಿಸಿ, ಆ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ.